ನಾನೂರನೇ ನಂಬರಿನ ಹೊಳಪು

ಮನುಷ್ಯನ ಯೋಗ್ಯತೆಯನ್ನು ಮುಖ ನೋಡಿ ಅಳೆಯುವವರಿದ್ದಾರೆ, ಚಪ್ಪಲಿ ನೋಡಿ ಅಳೆಯುವವರೂ ಇದ್ದಾರೆ. ನಮ್ಮ ಕುಮಾರಪಟ್ಟಣದಲ್ಲಿ ಅಷ್ಟೆಲ್ಲ ತೊಂದರೆ ತೆಗೆದುಕೊಳ್ಳಬೇಕಾಗಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೆಜ್ಜೆ ಇಟ್ಟರೆ ಅಂಗಾಲೇ ಮನೆಯ ಜಾತಕ ಹೇಳಿಬಿಡುತ್ತಿತ್ತು. ಹೆಂಡಿ ಸಾರಿಸಿದ ನೆಲವಾದರೆ ಹೊಲ ನಂಬಿದ ಮನೆ. ಪರ್ಸಿ ಕಲ್ಲು ತಣ್ಣಗೆ ತಾಗಿದರೆ ಆ ಮನೆಗೆ ತಿಂಗಳ ಪಗಾರ ಬರುತ್ತದೆ. ಮೊಸಾಯಿಕ್ ಇದ್ದರೆ ಪಗಾರದ ಜೊತೆ ಓವರ್‌ಟೈಮೂ ಉಂಟು. ಇನ್ನು ಕಾಲಿಡುವ ಮೊದಲೇ ಒಳಗಿನಿಂದ ಯಾರಾದರೂ "ಹುಷಾರ್ ರೀ, ಜಾರತೈತಿ" ಎಂದು ಕೂಗಿದರೆ, ಸಂಶಯವೇ ಬೇಡ, ಅದು ಮಾರ್ಬಲ್ ಮನೆ.

ಕುಮಾರಪಟ್ಟಣ ಇರುವುದು ತುಂಗಭದ್ರೆಯ ಎಡದಂಡೆಯ ಮೇಲೆ. ಸೇತುವೆ ದಾಟಿದರೆ ಹರಿಹರ. 1956ಕ್ಕೆ ಮೊದಲು ಈ ದಂಡೆ ಮುಂಬೈ ಸರಕಾರದ್ದು, ಆ ದಂಡೆ ಮೈಸೂರಿನದು. ಏಕೀಕರಣವಾಗಿ ಎರಡೂ ಒಂದಾದವು ಎನ್ನುವಷ್ಟರಲ್ಲಿ 1997ರಲ್ಲಿ ಈಚೆಗೆ ಹಾವೇರಿ ಜಿಲ್ಲೆ, ಆಚೆಗೆ ದಾವಣಗೆರೆ ಜಿಲ್ಲೆ ಹುಟ್ಟಿ ಹೊಳೆ ಮತ್ತೆ ಗಡಿಯಾಯಿತು. ನಮ್ಮ ಬಳಗದ ಮಟ್ಟಿಗೆ ಅದು ನೆಲಗಳ ಗಡಿ ಕೂಡ. ಹರಿಹರದಲ್ಲಿದ್ದ ನಮ್ಮ ಸೋದರತ್ತಿಯ ಮನೆಯದು ಕೆಂಪು ಗಾರೆಯ ನೆಲ. ನಮ್ಮದು ಶಹಾಬಾದದ ಪರ್ಸಿ. ಅತ್ತಿ ನಮ್ಮ ಮನೆಗೆ ಬಂದಾಗ ಪರ್ಸಿಯ ಸಂದುಗಳನ್ನು ನೋಡಿ, "ಇದರಾಗ ಎಷ್ಟು ಇರುವಿ ಅದಾವೋ" ಎನ್ನುವಳು. ಅವ್ವ ಅವರ ಮನೆಗೆ ಹೋದಾಗ ಸೀರೆಯ ನಿರಿಗೆಯನ್ನು ಅರ್ಧ ಗೇಣು ಎತ್ತಿ ಹಿಡಿದು, "ಬಣ್ಣ ಹತ್ತೂದಿಲ್ಲ ಹೌದಿಲ್ಲೋ?" ಎಂದು ಕೇಳಿ ಲೆಕ್ಕ ಚುಕ್ತಾ ಮಾಡುವಳು.

ಈ ಅತ್ತಿಗೆ-ನಾದಿನಿಯರ ನಡುವೆ ಮಾರ್ಬಲ್ ಬಂದದ್ದು ಮೂರನೇ ರಂಗವಾಗಿ.

ಎಪ್ಪತ್ತರ ದಶಕದಲ್ಲಿ ಊರಿಗೆ ಬಿರ್ಲಾ ಅವರ ಹರಿಹರ ಪಾಲಿಫೈಬರ್ಸ್ ಬಂದಿತ್ತು. ಹೆಸರು ಹರಿಹರದ್ದು, ಚಿಮಣಿ ಕುಮಾರಪಟ್ಟಣದ್ದು. ಕಟ್ಟಿಗೆಯಾಗಿ ಒಳಗೆ ಹೋದದ್ದು ಬಟ್ಟೆಯ ನಾರಿಗೆ ಬೇಕಾದ ತಿರುಳಾಗಿ ಹೊರಗೆ ಬರುವ ಜಾಗ ಅದು. ಅಪ್ಪ ಅಲ್ಲಿ ಪಾಳಿ ಕೆಲಸಕ್ಕೆ ಸೇರಿದರು. ಉತ್ತರದ ಕಡೆಯ ಸಾಹೇಬರೊಬ್ಬರು ರಾತ್ರಿ ಪಾಳಿಯಲ್ಲಿ ಚಹಾ ಕುಡಿಯುತ್ತ ತಮ್ಮೂರಿನ ಬಿಳಿಕಲ್ಲಿನ ನೆಲಗಳನ್ನು ಬಣ್ಣಿಸುತ್ತಿದ್ದರಂತೆ: ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಬರೀ ಮೈಯಲ್ಲಿ ಮಲಗಿದರೆ ಫ್ಯಾನೇ ಬೇಡ, ಹುಣ್ಣಿಮೆಗೆ ದೀಪವೇ ಬೇಡ. ಆ ಸಾಹೇಬರು ಬಡ್ತಿ ಪಡೆದು ಎಲ್ಲಿಗೋ ಹೋದರು. ಕಲ್ಲು ಮಾತ್ರ ಅಪ್ಪನ ತಲೆಯೊಳಗೆ ಉಳಿಯಿತು.

ತೊಂಬತ್ತರ ದಶಕದಲ್ಲಿ ಪಿ.ಎಫ್. ಹಣ ತೆಗೆದು ಮನೆ ಕಟ್ಟಿಸಿದಾಗ ಅಪ್ಪ ಯಾರ ಮಾತನ್ನೂ ಕೇಳಲಿಲ್ಲ. ಅಂಗಡಿಯವನೊಬ್ಬ, "ಇದು ಮಕ್ರಾನಾ ರೀ, ತಾಜಮಹಲಿಗೆ ಹಾಕಿದ ಮಾಲು" ಎಂದ. ಅಷ್ಟು ಸಾಕಾಯಿತು. ಮಕ್ರಾನಾದ ಕಲ್ಲು ಕಲ್ಕತ್ತೆಯ ವಿಕ್ಟೋರಿಯಾ ಮೆಮೋರಿಯಲ್ಲಿಗೂ ಹೋಗಿದೆ ಎಂಬುದನ್ನು ಅಪ್ಪ ಆಮೇಲೆ ಎಲ್ಲಿಂದಲೋ ಪತ್ತೆ ಮಾಡಿದರು. ಅಂದಿನಿಂದ ಮನೆಗೆ ಬಂದವರಿಗೆ ಅವರು ಹೇಳುತ್ತಿದ್ದ ವಂಶಾವಳಿ ಹೀಗಿತ್ತು: ಮೊದಲು ಶಾಹಜಹಾನ, ಆಮೇಲೆ ಲಾರ್ಡ್ ಕರ್ಜನ್, ಆಮೇಲೆ ನಾನು.

ಶಾಹಜಹಾನನಿಗೆ ಖಜಾನೆ ಇತ್ತು, ಅಪ್ಪನಿಗಿದ್ದದ್ದು ಪಿ.ಎಫ್. ರೊಕ್ಕವೆಲ್ಲ ಹಾಲ್‌ನ ನೆಲಕ್ಕೇ ಮುಗಿಯಿತು. ಅಡುಗೆಮನೆಗೆ ಹಳೆಯ ಮನೆಯ ಪರ್ಸಿಗಳನ್ನೇ ಎಬ್ಬಿಸಿ ತಂದು ಕೂಡಿಸಿದರು. ಹೀಗೆ ನಮ್ಮ ಮನೆಯೊಳಗೇ ಎರಡು ರಾಜ್ಯಗಳಾದವು. ಹೊಸ್ತಿಲಿನ ಈಚೆಗೆ ತಾಜಮಹಲು, ಆಚೆಗೆ ಅವ್ವ.

ತಾಜಮಹಲಿನ ಕಾಯಿದೆಗಳು ಬಿಗಿಯಾಗಿದ್ದವು. ಹಾಲಿನಲ್ಲಿ ಉಣ್ಣುವಂತಿಲ್ಲ. ಮಜ್ಜಿಗೆ ತರುವಂತಿಲ್ಲ. ಗೋಲಿ ಆಡುವಂತಿಲ್ಲ. ಕುರ್ಚಿಯ ಕಾಲಿಗೆ ರಬ್ಬರಿನ ಬುಷ್ ಇಲ್ಲದೆ ಎಳೆಯುವಂತಿಲ್ಲ. ನೆಲ ಕೆಡದಿರಲೆಂದು ವರ್ಷವೆಲ್ಲ ಅದರ ಮೇಲೆ ಜಮಖಾನೆ ಹಾಸಿರುತ್ತಿತ್ತು. ಬೀಗರು ಬಂದರೆ ನೆಲ ಕಾಣಲೆಂದು ಜಮಖಾನೆ ಸುತ್ತಿ ಮೂಲೆಗೆ ನಿಲ್ಲಿಸುತ್ತಿದ್ದರು. ಆಗ ನೆಲ ಕಾಣುತ್ತಿತ್ತು, ಆದರೆ ಕೆಡುತ್ತದೆಂದು ಯಾರೂ ನಡೆಯುವಂತಿರಲಿಲ್ಲ. ತುಳಿಯುವಾಗ ಕಾಣಬಾರದು, ಕಾಣುವಾಗ ತುಳಿಯಬಾರದು. ಇಂಥ ನೆಲದ ಮೇಲೆ ಕೂರಲು ಪುರುಸೊತ್ತು ಇದ್ದವರಾದರೂ ಯಾರು? ಅವ್ವ ಅಡುಗೆಮನೆಯ ಪರ್ಸಿಯ ಮೇಲೇ ರೊಟ್ಟಿ ಬಡಿದಳು, ಮೆಣಸಿನಕಾಯಿಯ ತೊಟ್ಟು ಮುರಿದಳು, ಓಣಿಯ ಹೆಂಗಸರನ್ನು ಕೂರಿಸಿಕೊಂಡು ಇಡೀ ಊರನ್ನು ಹಸನು ಮಾಡಿದಳು. ಕಾಯಿದೆ ಮಾಡಿದ ಅಪ್ಪನೂ ಉಣ್ಣುತ್ತಿದ್ದದ್ದು ಅಲ್ಲಿಯೇ, ಗೋಡೆಗೆ ಒರಗಿ, ಒಂದು ಕಾಲು ಚಾಚಿ.

ಇಷ್ಟೆಲ್ಲ ಕಾಪಾಡಿದರೂ ಹಾಲಿನ ನೆಲ ಮಂಕಾಯಿತು. ಕಾಪಾಡಿದ್ದಕ್ಕೇ ಮಂಕಾಯಿತು ಎನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರ.

ಮಾರ್ಬಲ್ ಎಂದರೆ ನೆಲದಾಳದ ಕಾವಿನಲ್ಲೂ ಒತ್ತಡದಲ್ಲೂ ಬೆಂದು ಹದವಾದ ಸುಣ್ಣಕಲ್ಲು. ಹುಳಿ ಕಂಡರೆ ಅದಕ್ಕೆ ಆಗದು. ನಿಂಬೆ, ಹುಣಸೆ, ಮಜ್ಜಿಗೆ ಯಾವುದು ಬಿದ್ದರೂ ಬಿದ್ದಷ್ಟು ಜಾಗ ಮಂಕಾಗುತ್ತದೆ. ಅಪ್ಪ ಮಜ್ಜಿಗೆಯನ್ನು ತಡೆದದ್ದೇನೋ ಸರಿ. ಆದರೆ ಸೈಕಲ್ಲಿನ ಮೇಲೆ "ಆ್ಯಸಿಡ್, ಫಿನಾಯಿಲ್" ಎಂದು ಕೂಗುತ್ತ ಬರುವವನನ್ನು ತಡೆಯುವವರು ಊರಲ್ಲಿ ಯಾರೂ ಇರಲಿಲ್ಲ. ಪಂಚಮಿಗೆ, ಗಣೇಶ ಚೌತಿಗೆ, ದೀಪಾವಳಿಗೆ ಮನೆ ತೊಳೆಯುವ ಸಂಭ್ರಮದಲ್ಲಿ ಆ ಬಾಟಲಿಯ ನೀರು ಹಾಲಿಗೂ ಬೀಳುತ್ತಿತ್ತು. ಬಿದ್ದ ಕೂಡಲೇ ಬುಸುಬುಸು ಗುಳ್ಳೆ. "ನೋಡ್ರಿ, ಹೊಲಸು ಹೆಂಗ ಏಳಾಕತ್ತೈತಿ!" ಎಂದು ಎಲ್ಲರೂ ಹಿಗ್ಗುತ್ತಿದ್ದರು. ಏಳುತ್ತಿದ್ದದ್ದು ಹೊಲಸಲ್ಲ, ಇಂಗಾಲದ ಡೈಆಕ್ಸೈಡ್. ಅಂದರೆ ಕಲ್ಲೇ ಗಾಳಿಯಾಗಿ ಕಿಟಕಿಯಿಂದ ಹೊರಟಿತ್ತು. ಪ್ರತಿ ಹಬ್ಬಕ್ಕೂ ಅಪ್ಪನ ಪಿ.ಎಫ್.ನ ಒಂದು ಪದರ ಹೀಗೆ ಹಾರಿಹೋಯಿತು.

ಉಳಿದದ್ದನ್ನು ಹೊಳೆ ನೋಡಿಕೊಂಡಿತು. ನಮ್ಮ ಕಡೆ ಯಾವ ಓಣಿಗೆ ಹೋದರೂ ಯಾರೋ ಒಬ್ಬರು ಮನೆ ಕಟ್ಟಿಸುತ್ತಿರುತ್ತಾರೆ, ಬೀದಿಯಲ್ಲಿ ತುಂಗಭದ್ರೆಯ ಮರಳು ಹರಡಿರುತ್ತದೆ. 1812ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮೋಸ್ ಎಂಬಾತ ಕಲ್ಲುಗಳ ಗಟ್ಟಿತನಕ್ಕೆ ಒಂದರಿಂದ ಹತ್ತರವರೆಗೆ ಪಟ್ಟಿ ಹಾಕಿಟ್ಟ. ಅದರಲ್ಲಿ ವಜ್ರಕ್ಕೆ 10, ಮರಳಿನ ಸ್ಫಟಿಕಕ್ಕೆ 7, ಮಾರ್ಬಲ್ಲಿಗೆ 3ರ ಆಸುಪಾಸು. ಅಂಗಾಲಿಗೆ ಅಂಟಿ ಬಂದ ಒಂದು ಕಾಳು ಮರಳು ಸಾಕು, ಅದು ಗೀರುತ್ತಲೇ ಹೋಗುತ್ತದೆ. ಜಮಖಾನೆ ಈ ಮರಳನ್ನು ತಡೆಯಲಿಲ್ಲ. ತನ್ನಡಿಗೆ ಕೂಡಿಸಿಟ್ಟುಕೊಂಡು ವರ್ಷವೆಲ್ಲ ತಿಕ್ಕಿತು. ಇದರ ಮೇಲೆ ಬೋರಿನ ಗಡಸು ನೀರಿನ ಬಿಳಿಪೊರೆ. ಅದಕ್ಕೆ ಕಲಶವಿಟ್ಟಂತೆ, ಬ್ಯಾಡಗಿ ಸಂತೆಯಿಂದ ಬಂದ ಖಾರದ ಎಣ್ಣೆ ಚೆಲ್ಲಿ ಆದ ಒಂದು ಕೆಂಪು ಕಲೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕಾಗಿಯೇ ಲಿಪ್‌ಸ್ಟಿಕ್ಕಿನವರೂ ಅದರ ಸತ್ವ ಕೊಳ್ಳುತ್ತಾರೆ, 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನಮ್ಮ ಹಾಲಿನಲ್ಲಿ ಅದು ಮಾನ್ಯತೆಗೆ ಕಾಯಲಿಲ್ಲ, ಅದಕ್ಕೆ ಬಹಳ ಮೊದಲೇ ಕಾಯಂ ಆಗಿತ್ತು.

ಅಪ್ಪ ಹೋದ ಮೇಲೆ ಆ ನೆಲವನ್ನು ಯಾರೂ ಹೊಗಳಲಿಲ್ಲ, ಬೈಯಲೂ ಇಲ್ಲ. ತಂಗಿಯ ಮಗಳ ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಎಂದು ಗೊತ್ತಾದಾಗ ಮಾತ್ರ ಎಲ್ಲರೂ ಒಮ್ಮೆಲೇ ಬಗ್ಗಿ ನೋಡಿದರು. ಸಲಹೆಗಳು ಓಣಿಯ ಎರಡೂ ತುದಿಗಳಿಂದ ಬಂದವು. ಕೊಬ್ಬರಿ ಎಣ್ಣೆ ಹಚ್ಚಿರಿ ಎಂದರು ಒಬ್ಬರು. ಮೇಣ ತಿಕ್ಕಿರಿ ಎಂದರು ಇನ್ನೊಬ್ಬರು. ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಹಲ್ಲಿನ ಪೇಸ್ಟನ್ನು ಎಷ್ಟು ಗಟ್ಟಿಯಾಗಿ ನಂಬಿದ್ದರೆಂದರೆ ಟ್ಯೂಬು ಹಿಡಿದೇ ಬಂದಿದ್ದರು. ತಂಗಿಯ ಮಗಳು, ತಾಜಮಹಲಿಗೆ ಪುರಾತತ್ವ ಇಲಾಖೆಯವರು ಮುಲ್ತಾನಿ ಮಿಟ್ಟಿ ಮೆತ್ತಿ ಕೊಳೆ ತೆಗೆಯುತ್ತಾರೆ ಎಂದಳು. ಇದು ನಿಜವಾದ ಮಾತು. ಮದುಮಗಳ ಮುಖಕ್ಕೆಂದು ತಂದಿಟ್ಟಿದ್ದ ಮಿಟ್ಟಿಯಲ್ಲಿ ಒಂದು ಪಾಲು ಬ್ಯಾಡಗಿಯ ಕಲೆಯ ಮೇಲೆ ಬಿತ್ತು. ಮೇಲೆ ಪ್ಲಾಸ್ಟಿಕ್ ಮುಚ್ಚಿ ಬೆಳಗಿನವರೆಗೆ ಬಿಟ್ಟೆವು. ಕಲೆ ನಿಜಕ್ಕೂ ತಿಳಿಯಾಯಿತು. ಕಲ್ಲಿನ ರಂಧ್ರದೊಳಗೆ ಕೂತ ಎಣ್ಣೆಯನ್ನು ಜಿಗುಟು ಮಣ್ಣು ಹೀರಿಕೊಂಡಿತ್ತು. ಆದರೆ ಸುತ್ತಲಿನ ಮಂಕು ಹಾಗೇ ಇತ್ತು. ಕಲೆ ಒಳಗಿನ ರೋಗ, ಮಂಕು ಮೇಲಿನ ಗಾಯ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಕೊನೆಗೆ ಪಾಲಿಶಿನವನನ್ನೇ ಕರೆಸಿದೆವು. ರಾಜಸ್ಥಾನದ ಹುಡುಗ, ದಾವಣಗೆರೆ ಕಡೆ ಕೆಲಸ ಮಾಡಿ ಕನ್ನಡ ಕಲಿತವ. ಯಂತ್ರ ಇಳಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸಿ ಕೂತು ನೋಡಿದ.

"ಅಮ್ಮಾ, ಎಲ್ಲಿಂದ ತಂದದ್ದು ಇದು?"

"ಮಕ್ರಾನಾ ತಮ್ಮಾ. ತಾಜಮಹಲಿಂದು."

"ಮಕ್ರಾನಾ ನಹೀ ಅಮ್ಮಾ. ಇದು ರಾಜನಗರದ ಮಾಲು. ನಮ್ಮ ಊರಿನ ಬಾಜೂದೇ. ನನಗೆ ಗೊತ್ತಾಗ್ತದೆ."

ಅವ್ವ ಒಮ್ಮೆ ಗೋಡೆಯ ಕಡೆ ನೋಡಿದಳು. ಅಲ್ಲಿ ಹಾವೇರಿಯ ಏಲಕ್ಕಿ ಹಾರ ಹಾಕಿದ ಅಪ್ಪನ ಫೋಟೋ ಇತ್ತು. "ಸ್ವಲ್ಪ ಮೆಲ್ಲಕ ಮಾತಾಡು ತಮ್ಮಾ," ಎಂದಳು. "ಅವರಿಗೆ ಗೊತ್ತಿಲ್ಲ."

ಕೆಲಸ ಶುರುವಾಯಿತು. ಪಾಲಿಶ್ ಎಂದರೆ ಏನನ್ನೋ ಬಳಿಯುವುದೆಂದು ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಮಣೆ ಹಾಕಿಕೊಂಡು ಕಾದಳು. ಹುಡುಗ ಬಳಿಯುವ ಬದಲು ತೆಗೆಯುತ್ತಲೇ ಹೋದ. ಯಂತ್ರದ ಕೆಳಗೆ ಕಾರ್ಬೊರಂಡಮ್ ಕಲ್ಲುಗಳು, ಮೇಲಿಂದ ನೀರು. ಮೊದಲು 60ನೇ ನಂಬರಿನ ಒರಟು ಕಲ್ಲು. ಅದು ಹಳೆಯ ಗೀರುಗಳನ್ನೆಲ್ಲ ಅಳಿಸಿ ತನ್ನವೇ ಗೀರುಗಳನ್ನು ಬಿಡುತ್ತದೆ. 120ನೆಯದು ಬಂದು 60ರ ಗೀರುಗಳನ್ನು ಅಳಿಸಿ ಇನ್ನೂ ಸಣ್ಣ ಗೀರುಗಳನ್ನು ಬಿಡುತ್ತದೆ. 220, 320, 400, 600. ಹೊಸ ಸರಕಾರ ಹಳೆಯ ಸರಕಾರದ ಕುರುಹು ಒರೆಸುವ ಕ್ರಮ ಇದೇ. ವ್ಯತ್ಯಾಸವಿಷ್ಟೇ, ಇಲ್ಲಿ ಪ್ರತಿ ಸಲವೂ ಗಾಯ ಸಣ್ಣದಾಗುತ್ತದೆ. ಗೀರುಗಳು ಹೋಗುವುದೇ ಇಲ್ಲ. ಕಣ್ಣಿಗೆ ಸಿಗದಷ್ಟು ಸಣ್ಣದಾದಾಗ ಬೆಳಕು ಚದುರದೆ ಬಂದ ಕೋನದಲ್ಲೇ ಆಚೆ ಬದಿಗೆ ಪುಟಿದು ಹೋಗುತ್ತದೆ, ನಾವು ಅದನ್ನು ಹೊಳಪು ಎನ್ನುತ್ತೇವೆ. ಎಲ್ಲಕ್ಕಿಂತ ಕೊನೆಗೆ ಬಿಳಿ ಪುಡಿ ಹಾಕಿ ಉಜ್ಜುವುದು. ಅದರಲ್ಲಿ ತವರದ ಆಕ್ಸೈಡ್ ಇರುತ್ತದೆ, ಆಕ್ಸಾಲಿಕ್ ಆಮ್ಲವೂ ಇರುತ್ತದೆ. ಹಾಳು ಮಾಡಿದ್ದೂ ಆ್ಯಸಿಡ್ಡೇ, ನೆಟ್ಟಗೆ ಮಾಡುವುದೂ ಆ್ಯಸಿಡ್ಡೇ. ಪ್ರಮಾಣ ಬೇರೆ, ಕೈ ಬೇರೆ.

ಹಾಲಿನ ತುಂಬ ಬಿಳಿ ರಾಡಿ. ಹುಡುಗ ಅದನ್ನು ಗಟಾರಕ್ಕೆ ಬಿಡದೆ ಬಳಿದು ಸಿಮೆಂಟಿನ ಚೀಲಕ್ಕೆ ತುಂಬುತ್ತಿದ್ದ. ಗಟಾರದಲ್ಲಿ ಕೂತರೆ ಅದು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದಂತೆ. ಅವ್ವ ಆ ಚೀಲಗಳನ್ನೇ ನೋಡುತ್ತಿದ್ದಳು. "ಇನ್ನೂ ಹಚ್ಚಾಕ ಶುರು ಮಾಡಿಲ್ಲೇನು?" ಎಂದು ಕೇಳಿದಳು. "ಹಚ್ಚೋದು ಇಲ್ಲ ಅಮ್ಮಾ, ಬರೀ ತೆಗೆಯೋದು." "ಹಂಗಾರ ನಾವು ರೊಕ್ಕ ಕೊಟ್ಟು ಕಲ್ಲು ಒಯ್ಯಾಕ ಹೇಳೇವಿ ಅನ್ನು."

ಮಧ್ಯಾಹ್ನ ಹುಡುಗ ನೀರು ಕೇಳಿಕೊಂಡು ಅಡುಗೆಮನೆಗೆ ಬಂದ. ಚೊಂಬು ಕೈಗೆ ಬಂದರೂ ಕುಡಿಯಲಿಲ್ಲ. ಕೆಳಗೆ ನೋಡುತ್ತ ನಿಂತ. ಆಮೇಲೆ ಕೂತು, ಪರ್ಸಿಯ ಮೇಲೆ ಅಂಗೈ ಆಡಿಸಿದ.

"ಇದಕ್ಕೆ ಯಾರು ಪಾಲಿಶ್ ಹೊಡೆದದ್ದು ಅಮ್ಮಾ?"

"ಅದಕ್ಯಾರು ಹೊಡೀತಾರ? ಕುಂತು ಕುಂತು ಹಂಗ ಆಗೇತಿ."

ಅವನು ನಂಬಲಿಲ್ಲ. ಬೆಳಕಿಗೆ ಅಡ್ಡ ತಲೆ ಬಾಗಿಸಿ ಇನ್ನೊಮ್ಮೆ ನೋಡಿದ. "400 ನಂಬರ್ ಬರೊಬ್ಬರಿ," ಎಂದು ಸರ್ಟಿಫಿಕೇಟು ಕೊಟ್ಟ.

ಆ ಪರ್ಸಿ ಬಂದಾಗ ಹೇಗಿತ್ತೆಂದು ನನಗೆ ನೆನಪಿದೆ. ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರದ ಕಡೆ ನೆಲದಲ್ಲಿ ಪದರ ಪದರವಾಗಿ ಸಿಗುವ ಸುಣ್ಣಕಲ್ಲು ಅದು. ಹಾಸಿದ ಹೊಸದರಲ್ಲಿ ಮಂಡಿ ತರಚುತ್ತಿತ್ತು, ಬಟ್ಟೆ ಹಿಡಿದು ಎಳೆಯುತ್ತಿತ್ತು. ನಮ್ಮ ಮಾರ್ಬಲ್ಲಿಗೂ ಅದಕ್ಕೂ ಗೋತ್ರ ಒಂದೇ. ಒಂದು ಆಳದಲ್ಲಿ ಬೆಂದು ಸಾಹೇಬನಾಯಿತು, ಇನ್ನೊಂದು ಬೇಯದೆ ಕೂಲಿಗೆ ಬಂತು. ಒರಟಾಗಿ ಬಂದ ಪರ್ಸಿಯನ್ನು ಬರಿಗಾಲುಗಳು, ಒದ್ದೆ ಬಟ್ಟೆ, ಕೂತೆದ್ದ ಸೀರೆಗಳು ದಿನವೂ ಉಜ್ಜಿ ಮೇಲಕ್ಕೆ ತಂದವು. ಕನ್ನಡಿಯಾಗಿ ಬಂದ ಮಾರ್ಬಲ್ಲನ್ನು ಅದೇ ಮನೆಯ ಕಾಲುಗಳು ಮರಳು ಹೊತ್ತು ತಂದು ಕೆಳಕ್ಕೆ ಇಳಿಸಿದವು. ಕಾಲಿಗೆ ಇಂಥ ಕಲ್ಲು ಮೇಲು, ಇಂಥದು ಕೀಳು ಎಂಬುದಿಲ್ಲ. ಎಡವಲೂಬಾರದು, ಜಾರಲೂಬಾರದು, ಅಷ್ಟು ನುಣುಪು ಅದಕ್ಕೆ ಬೇಕು. ಬಡ ಕಲ್ಲನ್ನು ಅಲ್ಲಿಯವರೆಗೆ ಏರಿಸುತ್ತದೆ, ಶ್ರೀಮಂತ ಕಲ್ಲನ್ನು ಅಲ್ಲಿಯವರೆಗೆ ಎಳೆಯುತ್ತದೆ. ಅಂಬಿಗರ ಚೌಡಯ್ಯ ಇದ್ದದ್ದು ಇದೇ ಹೊಳೆಯ ದಂಡೆಯ ಚೌಡದಾನಪುರದಲ್ಲಿ. ದೋಣಿ ಹತ್ತಿದವರೆಲ್ಲರ ಕಾಲು ನೋಡಿದ ಮನುಷ್ಯ. ಇದನ್ನು ನನಗಿಂತ ಖಡಕ್ಕಾಗಿ ಹೇಳಬಲ್ಲವನು.

ಸೇತುವೆಯಾಚೆ ಹರಿಹರೇಶ್ವರನ ಗುಡಿಗೆ ಹೋದಾಗಲೆಲ್ಲ ನಾನು ಕಂಬಗಳನ್ನು ಮುಟ್ಟಿ ನೋಡುತ್ತೇನೆ. 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ ಗುಡಿ ಅದು. ಕಂಬಗಳನ್ನು ಲೇತಿನಲ್ಲಿ ತಿರುಗಿಸಿ ಕಡೆದಿದ್ದಾರೆ. ಅದೇ ಊರಿಗೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂದು ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟಿತು. ಆ ಕಾರ್ಖಾನೆಯ ಚಕ್ರಗಳು ಯಾವಾಗಲೋ ನಿಂತುಹೋದವು. ಏಳುನೂರು ವರ್ಷ ಮೊದಲಿನ ಲೇತಿನ ಕೆಲಸ ಇನ್ನೂ ಹೊಳೆಯುತ್ತಿದೆ. ಆ ಕಂಬಗಳು ಬಳಪದ ಕಲ್ಲಿನವು, ನಮ್ಮ ಮಾರ್ಬಲ್ಲಿಗಿಂತ ಮೆದು. ಬಿಸಿಲಿಗೆ ದಣಿದು ಬಂದವರು ಒರಗಿ ಕೂರುತ್ತಾರೆ, ಮಕ್ಕಳು ಅಪ್ಪಿಕೊಂಡು ಗಿರಕಿ ಹೊಡೆಯುತ್ತಾರೆ. ಜಮಖಾನೆ ಸುತ್ತಿಡುವ ಅಪ್ಪ ಅವುಗಳಿಗೆ ಸಿಗಲಿಲ್ಲ, ಪುಣ್ಯ.

ಹಾಲಿನ ಕೆಲಸ 400ನೇ ನಂಬರು ಮುಗಿಸಿದ ಸಂಜೆ ಹುಡುಗ ನೆಲ ತೊಳೆದು ಒರೆಸಿದ. ಆ್ಯಸಿಡ್ಡಿನ ಮಚ್ಚೆಗಳಿರಲಿಲ್ಲ, ಬ್ಯಾಡಗಿಯ ಗುರುತೂ ಇರಲಿಲ್ಲ. ಕಿಟಕಿಯ ಬೆಳಕು ನೆಲದ ಮೇಲೆ ಬಿದ್ದಿತ್ತು. ಕಿಟಕಿ ಇದೆ ಎಂದು ತಿಳಿಯುತ್ತಿತ್ತು, ಸರಳುಗಳನ್ನು ಎಣಿಸಲಾಗುತ್ತಿರಲಿಲ್ಲ. ಅವ್ವ ಮಣೆಯಿಂದ ಎದ್ದು ಬರಿಗಾಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಅಪ್ಪನ ಕಾಲದಲ್ಲಿ ಅವಳು ಹಾಲಿನಲ್ಲಿ ಹೀಗೆ ಕೈ ಬೀಸಿಕೊಂಡು ನಡೆದದ್ದನ್ನು ನಾನು ಕಂಡಿರಲಿಲ್ಲ.

"ಸಾಕು, ಇಲ್ಲಿಗೆ ನಿಲ್ಲಸು," ಎಂದಳು.

ಹುಡುಗ ಗಾಬರಿಯಾದ. "ಅಮ್ಮಾ, ಇನ್ನೂ 600 ಇದೆ, ಪೌಡರ್ ಇದೆ. ನಾಳೆ ಕಾಂಚ್ ಆಗ್ತದೆ. ಮುಖ ಕಾಣ್ತದೆ."

"ಈ ವಯಸ್ಸಿನಾಗ ನನ್ನ ಮುಖ ನಾ ನೆಲದಾಗ ಯಾಕ ನೋಡ್ಲಿ? ಕಾಲ ಜಾರಿ ಬಿದ್ದರ ಎದ್ದ ಮ್ಯಾಲೆ ನಾ ನೋಡೂದು ಡಾಕ್ಟರ್ ಮುಖ."

"ಅರ್ಧ ಕೆಲಸ ಬಿಟ್ಟರೆ ನನ್ನ ಹೆಸರು ಖರಾಬ್."

"ನಿನ್ನ ಹೆಸರು ಯಾರಿಗೂ ಹೇಳೂದಿಲ್ಲ, ಹೋಗು."

ಆಮೇಲೆ ರೊಕ್ಕದ ಮಾತು ಬಂತು. ಚದರಡಿ ಲೆಕ್ಕದ ದರ ಕನ್ನಡಿ ಹೊಳಪಿನವರೆಗಿನದು. ಕಡೆಯ ಕಲ್ಲು ಹೊಡೆದಿಲ್ಲ, ಪುಡಿ ಮುಟ್ಟಿಲ್ಲ, ಆದ್ದರಿಂದ ಅದರ ದುಡ್ಡು ಮುರಿಯಬೇಕು ಎಂದು ಅವ್ವ. ಯಂತ್ರ ಬಂದದ್ದು ಬಂದಾಯಿತು, ನಿಲ್ಲಿಸಿದ್ದು ನೀವು, ಆದ್ದರಿಂದ ಪೂರ್ತಿ ಕೊಡಬೇಕು ಎಂದು ಹುಡುಗ. ಅವನ ಕನ್ನಡ ಮುಗಿದು ಹಿಂದಿ ಶುರುವಾಯಿತು. ಅವ್ವ ಅರ್ಥವಾಗದವಳಾಗಿ ಕೂತುಬಿಟ್ಟಳು. ಕಾರ್ಖಾನೆಯ ಊರಲ್ಲಿ ಇಷ್ಟು ವರ್ಷ ಬಾಳಿದವಳಿಗೆ ಹಿಂದಿ ಬಾರದೆ ಏನು? ಕೊನೆಗೆ ಅವಳೇ ಗೆದ್ದಳು. ಉಳಿದ ದುಡ್ಡಿನಲ್ಲಿ ನಿಶ್ಚಿತಾರ್ಥಕ್ಕೆ ಇನ್ನೊಂದು ಸಿಹಿ ಹೆಚ್ಚಿಸಿದಳು.

ಬೀಗರು ಬಂದರು. ಜಮಖಾನೆ ಅಟ್ಟ ಸೇರಿತ್ತು. ನೆಲ ಹೇಳುವಷ್ಟು ಹೊಳೆಯುತ್ತಿರಲಿಲ್ಲವಾದ್ದರಿಂದ ಯಾರೂ ಕಾಲು ಎತ್ತಿ ಇಡಲಿಲ್ಲ, ಅಂಜಲಿಲ್ಲ. ಸೋಫಾ ಬಿಟ್ಟು ಕೆಳಗೇ ಪಂಕ್ತಿ ಕೂತರು. ತಾಜಮಹಲಿನಲ್ಲಿ ಮೊದಲ ಸಲ ಮಜ್ಜಿಗೆ ಬಡಿಸಲಾಯಿತು. ಚಕ್ಕಂಬಕ್ಕಲ ಹಾಕಿ ಕೂತಿದ್ದ ವರನ ದೊಡ್ಡಪ್ಪ ಉಣ್ಣುವುದರ ನಡುವೆ ಎಡಗೈಯಿಂದ ನೆಲ ಸವರಿ ನೋಡಿ, ಅನುಭವಸ್ಥರ ದನಿಯಲ್ಲಿ ಹೇಳಿದರು: "ಕಲ್ಲು ಚಲೋ ಐತಿ ರೀ. ಒಂದ್ಸಲ ಪಾಲಿಶ್ ಹೊಡಸಿಬಿಟ್ಟರ ನೋಡ್ರಿ, ಕನ್ನಡಿ ಆಗತೈತಿ."

ಅವ್ವ ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

"ಹೊಡಸೂಣು ತಗೋರಿ ಅಣ್ಣಾರ," ಎಂದಳು. "ಕೈಯಾಗ ರೊಕ್ಕ ಆಡಲಿ."